ಫೆರೆಟ್‌ಗಳನ್ನು ಮನೆಯೊಳಗೆ ಬಿಟ್ಟು ಸಾಕುವ ಮುನ್ನ

ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಹವಾಯಿಗಳಲ್ಲಿ ಫೆರೆಟ್ (ಮುಂಗುಸಿಯಂತೆ ಉದ್ದ ಮೈಯ ಪುಟ್ಟ ಸಾಕುಪ್ರಾಣಿ) ಸಾಕುವುದಕ್ಕೆ ನಿಷೇಧವಿದೆ. ಆದ್ದರಿಂದ ಮೊದಲು ನಿಮ್ಮ ಊರಿನ ನಿಯಮವನ್ನು ವಿಚಾರಿಸಿಕೊಳ್ಳಿ. ಪಂಜರವಿಲ್ಲದೆ ಬಿಡುವುದಾದರೆ, ನೆಲಕ್ಕೆ ಮಲಗಿ ಟಾರ್ಚ್ ಹಿಡಿದು ಫ್ರಿಜ್ ಮತ್ತು ವಾಷಿಂಗ್ ಮಷಿನ್‌ಗಳ ಹಿಂಬದಿಯನ್ನು ನೋಡಿ, ತಲೆ ತೂರುವಷ್ಟು ಸಂದಿಯಿದ್ದಲ್ಲಿ ಇಡೀ ದೇಹವೂ ತೂರೀತೆಂದು ತಿಳಿದು ಅದನ್ನು ಹಲಗೆಯಿಂದ ಮುಚ್ಚಬೇಕು. ಒರಗುವ ರಿಕ್ಲೈನರ್ ಕುರ್ಚಿಯನ್ನಂತೂ ಮನೆಯಿಂದಲೇ ಸಾಗಿಸುವುದು ಲೇಸು, ಏಕೆಂದರೆ ಅದರೊಳಗೆ ಮಲಗಿದ ಪ್ರಾಣಿ ಕುರ್ಚಿ ಮಡಿಸುವಾಗ ಜಜ್ಜಿಹೋದೀತು. ರಬ್ಬರ್ ಚಪ್ಪಲಿಯ ಚೂರನ್ನೋ ರಿಮೋಟ್‌ನ ಗುಂಡಿಯನ್ನೋ ನುಂಗಿದರೆ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ದಿನದ ಬಹುಪಾಲು ನಿದ್ರಿಸುವ ಪ್ರಾಣಿಯಾದ್ದರಿಂದ, ಸೋಫಾದಲ್ಲಿ ಕೂರುವ ಮುನ್ನ ದಿಂಬನ್ನು ಎತ್ತಿ ನೋಡಿ.

ಎಚ್ಚರವಾದಾಗಿನ ಸೊಗಸೇ ಬೇರೆ: ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅಡ್ಡಡ್ಡ ಕುಪ್ಪಳಿಸುತ್ತ, ಕದ್ದ ಕಾಲುಚೀಲವನ್ನು ಹಿಮ್ಮುಖವಾಗಿ ಎಳೆದೊಯ್ದು ಮಂಚದಡಿ ಬಚ್ಚಿಡುತ್ತದೆ. ಆ ಗಂಟನ್ನು ವಾರಕ್ಕೊಮ್ಮೆ ಹೊರತೆಗೆಯಿರಿ. ಒಂದು ಕಾಲುಚೀಲವನ್ನು ಮಾತ್ರ ಅಲ್ಲೇ ಬಿಡಿ.