ಮೊಸಾಯಿಕ್ ನೆಲ: ಮಷಿನ್ ಇಳಿಸುವ ಮೊದಲು ಹಳೇ ಲೇಪ ತೆಗೆದ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ಹಳೇ ಮನೆಯ ಹಾಲ್, 12 ಅಡಿಗೆ 15. ಮೊಸಾಯಿಕ್ ಮೇಲೆ ವರ್ಷಗಟ್ಟಲೆ ತಿಕ್ಕಿದ ಮೇಣ, ಅದರ ಮೇಲೆ ಸೀಲರ್ (ನೀರು, ಕಲೆ ಇಳಿಯದಂತೆ ಬಳಿಯುವ ಲೇಪ), ಹೊಸ್ತಿಲ ಬಳಿ ಎನಾಮೆಲ್ ಪೇಂಟಿನ ರಂಗೋಲಿ. ಇಂಥ ನೆಲಕ್ಕೆ ನೇರ ಪಾಲಿಶ್ ಮಷಿನ್ ಇಳಿಸಿದರೆ ಉಜ್ಜುವ ಬಿಸಿಗೆ ಲೇಪ ಮೆತ್ತಗಾಗಿ ಮಷಿನ್‌ನ ಉಜ್ಜುವ ಕಲ್ಲಿನ ಮೈಗೆ ಮೆತ್ತಿಕೊಳ್ಳುತ್ತದೆ. ಆಮೇಲೆ 60ರ ಗ್ರಿಟ್ ಕಲ್ಲೂ (ಸಂಖ್ಯೆ ಕಡಿಮೆಯಾದಷ್ಟು ಕಲ್ಲು ಒರಟು) ಜಾರುತ್ತದೆ, ಕೊರೆಯುವುದಿಲ್ಲ.

ಬಾಗಿಲ ಹಿಂದಿನ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿದೆ. ಬ್ಲೇಡಿನಲ್ಲಿ ಕೆರೆದದ್ದು ಬೆರಳ ನಡುವೆ ಜಿಡ್ಡುಜಿಡ್ಡಾದರೆ ಮೇಣ. ಥಿನ್ನರ್ ಅದ್ದಿದ ಹತ್ತಿ 5 ನಿಮಿಷ ಇಟ್ಟಾಗ ಅಂಟಾದರೆ ಅಕ್ರಿಲಿಕ್ ಸೀಲರ್. ಜಗ್ಗದೆ ಗಟ್ಟಿಯಾಗೇ ಉಳಿದರೆ ಎಪಾಕ್ಸಿ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಲೇಪ ಇರಬಹುದು. ಅದಕ್ಕೆ ಸಾಮಾನ್ಯವಾಗಿ ಮೆಟಲ್ ಬಾಂಡ್ ಡೈಮಂಡ್ (ಲೋಹದಲ್ಲಿ ವಜ್ರದ ಹರಳು ಕೂರಿಸಿದ ಉಜ್ಜುವ ತುಂಡು) ಬೇಕು. ಇಲ್ಲಿ ಹತ್ತಿ ಅಂಟಿಕೊಂಡಿತು.

ಮೇಲಿನ ಸೀಲರ್‌ಗೆ ಪೇಂಟ್ ರಿಮೂವರ್ ಜೆಲ್, ಸುಮಾರು 5 ಲೀಟರ್ ಹಿಡಿಯಿತು. ಒಂದು ಸಲಕ್ಕೆ 3 ಅಡಿ ಚೌಕ ಮಾತ್ರ. ದಪ್ಪಗೆ ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ 20 ನಿಮಿಷ ಬಿಟ್ಟರೆ ಲೇಪ ಸುಕ್ಕುಗಟ್ಟಿ ಏಳುತ್ತದೆ. ಕೆರೆಯುವ ಪಟ್ಟಿಯನ್ನು (ಸ್ಕ್ರೇಪರ್) ಮಲಗಿಸಿ ಹಿಡಿದು ಕೆರೆಯಬೇಕು. ಮೂಲೆ ಊರಿದರೆ ಗೀರು ಬೀಳುತ್ತದೆ. ಕಿಟಕಿ ತೆರೆದು, ಗ್ಯಾಸ್ ಬಂದ್ ಮಾಡಿ, ದೇವರ ಮುಂದಿನ ದೀಪ ಶಾಂತ ಮಾಡಿಸಿಯೇ ಡಬ್ಬಿ ತೆರೆಯಿರಿ. ತೆಳು ಗ್ಲೌಸ್ ಈ ಜೆಲ್ ಅನ್ನು ತಡೆಯುವುದಿಲ್ಲ.

ಮೇಣಕ್ಕೆ ಕ್ಷಾರದ ಫ್ಲೋರ್ ಸ್ಟ್ರಿಪ್ಪರ್: 1 ಪಾಲಿಗೆ 5 ಪಾಲು ಬೆಚ್ಚಗಿನ ನೀರು, 10 ನಿಮಿಷ ನೆನೆಸಿ, ಮಷಿನ್‌ಗೆ ಕಪ್ಪು ಪ್ಯಾಡ್ ಹಾಕಿ ಉಜ್ಜಿದೆ. ನಡುವೆ ಒಣಗಲು ಬಿಟ್ಟರೆ ಸಡಿಲವಾದ ಮೇಣ ಮತ್ತೆ ನೆಲಕ್ಕೆ ಹಿಡಿದುಕೊಳ್ಳುತ್ತದೆ. ಓಡಾಟವಿಲ್ಲದ ಗೋಡೆಯ ಅಂಚಿನಲ್ಲಿ ಮೇಣ ಸವೆಯದೆ ದಪ್ಪ ಕಟ್ಟಿರುತ್ತದೆ, ಅಲ್ಲಿಗೆ ಕೈ ಬ್ರಷ್, ಎರಡು ಸಲ. ಕೊಳೆನೀರು ವೈಪರಿನಲ್ಲಿ ಎಳೆದು ಬಕೆಟ್‌ಗೆ. ಮತ್ತೆ ಎರಡು ಸಲ ಬರೀ ನೀರಿನಲ್ಲಿ ತೊಳೆತ.

ಬಾತ್‌ರೂಮ್ ಆಸಿಡ್ ಸುರಿದರೆ ಬೇಗ ಆಗುತ್ತದೆ ಎನ್ನುವವರಿದ್ದಾರೆ. ಅದಕ್ಕೆ ಮೇಣ ಬಿಡುವುದಿಲ್ಲ. ಬದಲಿಗೆ ಮೊಸಾಯಿಕ್‌ನ ಅಮೃತಶಿಲೆಯ ಚಿಪ್ಸ್ ನೊರೆಯೆದ್ದು ಕರಗಿ, ಹೊಳಪು ಸತ್ತು ಒರಟಾಗುತ್ತದೆ.

ರಾತ್ರಿಯೆಲ್ಲ ಒಣಗಿದ ಮೇಲೆ ಅಲ್ಲಲ್ಲಿ ನೀರು ಚಿಮುಕಿಸಿ ನೋಡಿದೆ. ಚಿಪ್ಸ್ ನಡುವಿನ ಸಿಮೆಂಟ್ ಎರಡು ನಿಮಿಷದಲ್ಲಿ ನೀರು ಕುಡಿದು ಕಪ್ಪಾದರೆ ನೆಲ ಬೋಳಾಗಿದೆ. ಸೋಫಾ ಇದ್ದ ಜಾಗದಲ್ಲಿ ಹನಿಗಳು ಕೆಸುವಿನೆಲೆಯ ಮೇಲಿನಂತೆ ದುಂಡಗೆ ನಿಂತವು. ಅಷ್ಟಕ್ಕೇ ಮತ್ತೊಮ್ಮೆ ಸ್ಟ್ರಿಪ್ಪರ್. ಇದಾದ ಮೇಲೆ 60, ತೂತುಗಳಿಗೆ ಬಣ್ಣ ಹೊಂದಿಸಿದ ಸಿಮೆಂಟ್, ಮೂರು ದಿನ ಒದ್ದೆಯಲ್ಲಿಟ್ಟು 120, 220, 400.

ರಂಗೋಲಿಯಲ್ಲಿ ಎಡವಿದೆ. ಥಿನ್ನರ್ ಬಟ್ಟೆಯಲ್ಲಿ ತಿಕ್ಕಿದ್ದೇ ಹಸಿರು ಬಣ್ಣ ಕರಗಿ ಸಿಮೆಂಟಿನ ರಂಧ್ರಕ್ಕಿಳಿಯಿತು. ಅಲ್ಲೂ ಜೆಲ್ ಬಳಿದು ಕೆರೆಯಬೇಕಿತ್ತು. ಉಳಿದ ಹಸಿರು ನೆರಳು ಹೋಗಿದ್ದು 60ರ ಕಲ್ಲಿನಲ್ಲಿ, ಆ ಒಂದೂವರೆ ಅಡಿ ಜಾಗಕ್ಕೆ ಅರ್ಧ ಗಂಟೆ ಹೆಚ್ಚಿಗೆ ಕೊಟ್ಟ ಮೇಲೆ.