ಮಿಡ್‌ವೆಸ್ಟ್ ನಗರದಲ್ಲಿ ಮನೆ ಮಾಡುವ ಮುಂಚೆ ಅಲ್ಲಿನ ರಸ್ತೆ ಕಲಿಯಿರಿ

ಕೊಲಂಬಸ್, ಇಂಡಿಯಾನಾಪೊಲಿಸ್, ಕಾನ್ಸಸ್ ಸಿಟಿ, ಒಮಾಹಾ. ಯಾವ ಊರಿನವರನ್ನು ಕೇಳಿದರೂ ಹೆಮ್ಮೆಯಿಂದ ಹೇಳುವ ಮಾತು ಒಂದೇ: ನಮ್ಮಲ್ಲಿ ಎಲ್ಲಿಗೆ ಹೋಗಬೇಕಾದರೂ ಇಪ್ಪತ್ತೇ ನಿಮಿಷ. ಮಾತು ಸುಳ್ಳಲ್ಲ. ಆದರೆ ಅದು ಕಾರಿನ ಇಪ್ಪತ್ತು ನಿಮಿಷ, ಸ್ನೋ ಬೀಳದ ದಿನದ ಇಪ್ಪತ್ತು ನಿಮಿಷ, ಫ್ರೀವೇಯಲ್ಲಿ ಯಾರೂ ಗುದ್ದಿಕೊಳ್ಳದ ದಿನದ ಇಪ್ಪತ್ತು ನಿಮಿಷ. ಅಮೆರಿಕದ ಈ ಭಾಗಕ್ಕೆ ಹೊಸದಾಗಿ ಬಂದು ಮನೆ ಹುಡುಕುತ್ತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮನೆ ನೋಡುವ ಮುಂಚೆ ರಸ್ತೆ ನೋಡಿ.

ಒಂದು ಅಪಾರ್ಟ್‌ಮೆಂಟ್ ಇಷ್ಟ ಆಯಿತು ಅಂದುಕೊಳ್ಳಿ. ಭಾನುವಾರ ಮಧ್ಯಾಹ್ನ ನೋಡಿ ಬಂದು ಸಹಿ ಹಾಕಬೇಡಿ. ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಆಫೀಸಿಗೆ ಒಮ್ಮೆ ಓಡಿಸಿ, ಸಂಜೆ ಐದಕ್ಕೆ ವಾಪಸ್ ಬನ್ನಿ. ಆಮೇಲೆ ಕಾರು ಅಲ್ಲೇ ಬಿಟ್ಟು ಹತ್ತಿರದ ದಿನಸಿ ಅಂಗಡಿಗೆ ನಡೆದು ಹೋಗಿ. ಇದನ್ನು ಖಂಡಿತ ಮಾಡಿ. ಎಷ್ಟೋ ಸಬರ್ಬ್‌ಗಳಲ್ಲಿ ಫುಟ್‌ಪಾತ್ ಚೆನ್ನಾಗಿ ಶುರುವಾಗಿ, ಒಂದು ಕಾಂಪ್ಲೆಕ್ಸ್‌ನ ಗಡಿ ಮುಗಿದ ಕೂಡಲೇ ಹುಲ್ಲಿನಲ್ಲಿ ನಿಂತುಬಿಡುತ್ತದೆ. ಎದುರಿಗೆ ಐದು ಲೇನಿನ ರಸ್ತೆ, ಗಂಟೆಗೆ 45 ಮೈಲಿಯಲ್ಲಿ ಬರುವ ಕಾರುಗಳು, ದಾಟೋಣ ಅಂದರೆ ಸಿಗ್ನಲ್ ಅರ್ಧ ಮೈಲಿ ಆಚೆ. ಅಂಗಡಿ ಕಣ್ಣೆದುರೇ ಇದೆ, ಆದರೆ ನಡೆದು ಹೋಗುವ ಹಾಗಿಲ್ಲ. ಅಂಥ ಕಡೆ ಮನೆ ಮಾಡಿದರೆ ಮನೆಯಲ್ಲಿ ದೊಡ್ಡವರು ಎಷ್ಟು ಜನವೋ ಅಷ್ಟು ಕಾರು ಬೇಕು. ಬಾಡಿಗೆ ಕಡಿಮೆ ಅಂತ ಖುಷಿಪಡುವ ಮುಂಚೆ ಎರಡನೇ ಕಾರಿನ ಕಂತು, ಇನ್ಶೂರೆನ್ಸ್, ಪೆಟ್ರೋಲ್, ಟೈರು ಎಲ್ಲವನ್ನೂ ಆ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ಡೆಟ್ರಾಯಿಟ್‌ಗೆ ಹೋಗುವವರಂತೂ ಆ ವಿಳಾಸಕ್ಕೆ ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕೇಳಿಕೊಂಡೇ ಮನೆ ಒಪ್ಪಿಕೊಳ್ಳಿ, ಅಲ್ಲಿ ಪ್ರೀಮಿಯಂ ತುಂಬಾ ಜಾಸ್ತಿ. 2020ರ ಜುಲೈನಿಂದ ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದಲ್ಲಿ ಕಾರಿನ ಇನ್ಶೂರೆನ್ಸ್‌ನೊಳಗೆ ವೈದ್ಯಕೀಯ ಖರ್ಚಿನ ಕವರೇಜ್ ಎಷ್ಟು ಬೇಕೆಂದು ನಾವೇ ಆರಿಸಬಹುದು. ಕಡಿಮೆ ಆರಿಸುವ ಮುಂಚೆ, ಕಾರು ಅಪಘಾತವಾದರೆ ನಿಮ್ಮ ಹೆಲ್ತ್ ಇನ್ಶೂರೆನ್ಸ್ ದುಡ್ಡು ಕೊಡುತ್ತದೋ ಇಲ್ಲವೋ ವಿಚಾರಿಸಿಕೊಳ್ಳಿ.

ಇನ್ನು ದಾರಿ. ಈ ಸೀಮೆಯ ರಸ್ತೆಗಳು ಚೌಕ ಚೌಕವಾಗಿ ಇರುವುದಕ್ಕೆ ಕಾರಣ 1785ರ ಭೂಮಿ ಕಾನೂನು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್, ಅದರೊಳಗೆ ಒಂದೊಂದು ಚದರ ಮೈಲಿಯ ತುಂಡು ಅಂತ ನೆಲ ಅಳೆದರು; ಆ ಗೆರೆಗಳ ಮೇಲೆಯೇ ಎಷ್ಟೋ ದೊಡ್ಡ ರಸ್ತೆಗಳು ಬಂದವು. ಡೆಟ್ರಾಯಿಟ್‌ನ ಉತ್ತರದ ಗಡಿ ಏಟ್ ಮೈಲ್ ರೋಡ್, ಅದರ ಉತ್ತರಕ್ಕೆ ನೈನ್ ಮೈಲ್, ಟೆನ್ ಮೈಲ್ ಹೀಗೆ ಹೋಗುತ್ತದೆ. ಶಿಕಾಗೋದಲ್ಲಿ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿ ಸೇರುವ ಜಾಗ ಸೊನ್ನೆ. ಅಲ್ಲಿಂದ ಮನೆ ನಂಬರಿನಲ್ಲಿ 800 ಅಂದರೆ ಒಂದು ಮೈಲಿ. 2400 ವೆಸ್ಟ್ ಅಂದರೆ ಮೂರು ಮೈಲಿ ಪಶ್ಚಿಮಕ್ಕೆ. ದಕ್ಷಿಣದ ಮೊದಲ ಮೂರು ಮೈಲಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡರೆ ಫೋನ್ ಚಾರ್ಜ್ ಮುಗಿದ ದಿನವೂ ದಾರಿ ತಪ್ಪುವುದಿಲ್ಲ.

ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಫೋರ್ ವೇ ಸ್ಟಾಪ್‌ನಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆ ಇರುವವರಿಗೆ ದಾರಿ. ಇಲ್ಲಿನ ಜನಕ್ಕೆ ಒಳ್ಳೆಯತನ ಜಾಸ್ತಿ, ತಮ್ಮ ಸರದಿ ಇದ್ದರೂ ನೀವು ಹೋಗಿ ಅಂತ ಕೈ ಬೀಸುತ್ತಾರೆ. ದಯವಿಟ್ಟು ಅದನ್ನು ಕಲಿಯಬೇಡಿ. ನಿಮ್ಮ ಸರದಿ ಬಂದಾಗ ಹೋಗಿಬಿಡುವುದೇ ಎಲ್ಲರಿಗೂ ಕ್ಷೇಮ, ಯಾಕೆಂದರೆ ನೀವು ಕೈ ಬೀಸಿದ್ದು ಪಕ್ಕದಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿರುವವರಿಗೆ ಗೊತ್ತಾಗುವುದಿಲ್ಲ.

ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ತರಹದ ಅಗಲ ರಸ್ತೆಯಲ್ಲಿ ಎಡಕ್ಕೆ ತಿರುಗಬೇಕಾದರೆ ಸಿಗ್ನಲ್‌ನಲ್ಲಿ ತಿರುಗುವ ಹಾಗಿಲ್ಲ. ನೇರ ದಾಟಿ ಹೋಗಿ, ಮುಂದೆ ರಸ್ತೆ ನಡುವಿನ ಮೀಡಿಯನ್ ತೆರೆದಿರುವ ಜಾಗದಲ್ಲಿ ಯು ಟರ್ನ್ ಮಾಡಿ, ವಾಪಸ್ ಬಂದು ಬಲಕ್ಕೆ ತಿರುಗಬೇಕು. ಇದೇ ಮಿಶಿಗನ್ ಲೆಫ್ಟ್. ಸುತ್ತು ಅನಿಸುತ್ತದೆ, ಆದರೆ ಎದುರಿನಿಂದ ಬರುವ ಕಾರುಗಳಿಗೆ ಅಡ್ಡ ನುಗ್ಗುವ ಅಪಾಯ ತಪ್ಪುತ್ತದೆ. ಇಂಡಿಯಾನಾದ ಕಾರ್ಮೆಲ್‌ನಲ್ಲಿ 150ಕ್ಕೂ ಹೆಚ್ಚು ರೌಂಡಬೌಟ್‌ಗಳಿವೆ. 1996ರಿಂದ ಸುಮಾರು ಮೂರು ದಶಕ ಮೇಯರ್ ಆಗಿದ್ದ ಜಿಮ್ ಬ್ರೇನಾರ್ಡ್ ಕಾಲದಲ್ಲಿ ಸಿಗ್ನಲ್‌ಗಳನ್ನು ಒಂದೊಂದಾಗಿ ತೆಗೆದು ವೃತ್ತ ಮಾಡುತ್ತಾ ಬಂದರು. ಅಲ್ಲಿ ಓಡಿಸುವ ಗುಟ್ಟು ಇಷ್ಟೇ: ವೃತ್ತಕ್ಕೆ ಬರುವ ಮುಂಚೆಯೇ ಲೇನ್ ಆರಿಸಿಕೊಳ್ಳಿ, ಒಳಗಿರುವವರಿಗೆ ದಾರಿ ಕೊಡಿ, ಒಳಗೆ ಹೋದ ಮೇಲೆ ನಿಲ್ಲಬೇಡಿ. ಸಾವು ನೋವು ಕಡಿಮೆ ಮಾಡುವ ಇಂಥ ರಸ್ತೆ ಉಳಿದ ಊರುಗಳಲ್ಲೂ ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಫ್ರೀವೇ ವಿಷಯಕ್ಕೆ ಬಂದರೆ ಒಂದು ಜಗಳ ಯಾವಾಗಲೂ ಇದ್ದದ್ದೇ. ಮುಂದೆ ಲೇನ್ ಮುಚ್ಚಿದೆ ಅಂತ ಬೋರ್ಡ್ ಕಂಡ ಕೂಡಲೇ ಎಲ್ಲರೂ ಒಂದೇ ಸಾಲಿಗೆ ಸೇರಿಕೊಂಡು, ಖಾಲಿ ಲೇನಿನಲ್ಲಿ ಮುಂದೆ ಬಂದವರನ್ನು ಸಿಟ್ಟಿನಿಂದ ನೋಡುತ್ತಾರೆ. ನಿಜವಾಗಿ ಟ್ರಾಫಿಕ್ ನಿಧಾನವಾಗಿ ತುಂಬಿರುವಾಗ ಎರಡೂ ಲೇನನ್ನು ಕೊನೆಯ ತನಕ ಬಳಸಿ, ಅಲ್ಲಿ ಒಂದು ಬಿಟ್ಟು ಒಂದರಂತೆ ಸೇರಿ ಅಂತ ಮಿನೆಸೋಟಾದ ಸಾರಿಗೆ ಇಲಾಖೆಯೇ ಹೇಳುತ್ತದೆ. ಅದೇ ಝಿಪ್ಪರ್ ಮರ್ಜ್. ಮುಂದೆ ಹೋಗಿ, ಅಳುಕಬೇಡಿ, ಆದರೆ ಕೊನೆಯಲ್ಲಿ ಒಬ್ಬರಿಗೆ ಜಾಗ ಬಿಡಿ. ಮಿನಿಯಾಪೊಲಿಸ್‌ನಲ್ಲಿ ರ‍್ಯಾಂಪ್ ಅಂದರೆ ಫ್ರೀವೇಗೆ ಏರುವ ದಾರಿಯ ಮೇಲೆ ಕೆಂಪು ದೀಪಕ್ಕೆ ಕಾಯಿಸುವುದನ್ನು ಕಂಡು ಬೈದುಕೊಳ್ಳುವವರು ಬಹಳ. 2000ನೇ ಇಸವಿಯಲ್ಲಿ ಅಲ್ಲಿ ಸುಮಾರು 430 ರ‍್ಯಾಂಪ್ ದೀಪಗಳನ್ನು ಕೆಲವು ವಾರ ಆರಿಸಿ ನೋಡಿದರು. ಅಪಘಾತ ಶೇಕಡಾ 26 ಹೆಚ್ಚಿತು, ಪ್ರಯಾಣದ ಸಮಯವೂ ಜಾಸ್ತಿಯಾಯಿತು. ಹಾಗಾಗಿ ಆ ಕೆಲವು ಸೆಕೆಂಡು ಕಾಯಿರಿ.

ಶಿಕಾಗೋದಲ್ಲಿ ಫ್ರೀವೇಗಳ ಹೆಸರುಗಳನ್ನೂ ಕಲಿಯಬೇಕು. ಬೋರ್ಡ್ ಮೇಲೆ 90, 94, 290 ಅಂತ ಇದ್ದರೂ ರೇಡಿಯೋದಲ್ಲಿ, ಆಫೀಸಿನಲ್ಲಿ ಎಲ್ಲರ ಬಾಯಲ್ಲಿ ಬರುವುದು ಕೆನಡಿ, ಡ್ಯಾನ್ ರಯನ್, ಐಸೆನ್‌ಹೋವರ್.

ಈಗ ಚಳಿಗಾಲದ ವಿಷಯ. ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ದುಡ್ಡೂ ಜೀವವೂ ಹೋಗುವುದು ಇಲ್ಲೇ.

ಮೊದಲು ಪಾರ್ಕಿಂಗ್. ಊರಿಗೊಂದು ನಿಯಮ. ಶಿಕಾಗೋದಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1ರ ತನಕ ಬೋರ್ಡ್ ಹಾಕಿರುವ ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರ ತನಕ ಕಾರು ನಿಲ್ಲಿಸುವ ಹಾಗಿಲ್ಲ, ಸ್ನೋ ಬಿದ್ದರೂ ಅಷ್ಟೇ, ಬೀಳದಿದ್ದರೂ ಅಷ್ಟೇ. ನಿಲ್ಲಿಸಿದರೆ ಟೋ ಮಾಡುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ಸ್ನೋ ಎಮರ್ಜೆನ್ಸಿ ಘೋಷಿಸಿದರೆ ಮೂರು ಹಂತ. ಮೊದಲ ರಾತ್ರಿ 9ರಿಂದ ಎಮರ್ಜೆನ್ಸಿ ರೂಟ್‌ಗಳ ಎರಡೂ ಬದಿ ಖಾಲಿ ಇರಬೇಕು. ಎರಡನೇ ದಿನ ಬೆಳಿಗ್ಗೆ 8ರಿಂದ ಉಳಿದ ಬೀದಿಗಳಲ್ಲಿ ಸಮ ಸಂಖ್ಯೆಯ ಮನೆಗಳ ಬದಿ, ಮೂರನೇ ದಿನ ಬೆಸ ಸಂಖ್ಯೆಯ ಬದಿ. ನವೆಂಬರ್ ಬರುವ ಮುಂಚೆಯೇ ನಗರದ ಅಲರ್ಟ್‌ಗೆ ಫೋನ್ ನಂಬರ್ ಕೊಟ್ಟುಬಿಡಿ. ಪಕ್ಕದ ಸೇಂಟ್ ಪಾಲ್‌ನ ನಿಯಮ ಬೇರೆ, ಇಲ್ಲಿಯದನ್ನು ಅಲ್ಲಿಗೆ ಹಚ್ಚಬೇಡಿ. ಶಿಕಾಗೋದ ಬೀದಿಯಲ್ಲಿ ಸ್ನೋ ತೆಗೆದ ಜಾಗದಲ್ಲಿ ಹಳೆ ಕುರ್ಚಿ ಇಟ್ಟಿದ್ದರೆ ಅದು ಯಾರೋ ಬೆನ್ನು ನೋಯಿಸಿಕೊಂಡು ಮಾಡಿಕೊಂಡ ಜಾಗ. ಕಾನೂನು ಅವರ ಪರ ಇಲ್ಲ, ಆದರೂ ಕುರ್ಚಿ ಸರಿಸಬೇಡಿ. ಅವರ ಒಂದು ಗಂಟೆ ಸಲಿಕೆ ಕೆಲಸಕ್ಕೆ ಮರ್ಯಾದೆ ಕೊಡಬೇಕು ಅಲ್ವಾ.

ಬೆಳಿಗ್ಗೆ ಕಾರು ತೆಗೆಯುವ ಕ್ರಮ ಹೀಗೆ. ಹೊಗೆ ಪೈಪಿನ ಸುತ್ತ ಸ್ನೋ ತುಂಬಿದ್ದರೆ ಅದನ್ನು ಮೊದಲು ತೆಗೆಯಿರಿ, ಆಮೇಲೆ ಸ್ಟಾರ್ಟ್ ಮಾಡಿ. ಬಾಗಿಲು ತೆರೆದಿದ್ದರೂ ಸರಿ, ಗ್ಯಾರೇಜ್ ಒಳಗೆ ಕಾರು ಬೆಚ್ಚಗಾಗಲು ಬಿಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಗಾಜಿನ ಮಂಜು ಕರಗಿಸುವ ಡಿಫ್ರಾಸ್ಟ್ ಹಾಕಿ, ಬ್ರಷ್ ಹಿಡಿದು ಮೊದಲು ಮೇಲ್ಛಾವಣಿ, ಆಮೇಲೆ ಗಾಜು, ಬಾನೆಟ್, ಕೊನೆಗೆ ಹೆಡ್‌ಲೈಟ್, ಹಿಂದಿನ ದೀಪ, ನಂಬರ್ ಪ್ಲೇಟ್. ಮೇಲ್ಛಾವಣಿ ಬಿಟ್ಟರೆ ಮೊದಲ ಬ್ರೇಕಿಗೇ ಆ ಗಡ್ಡೆ ಜಾರಿ ನಿಮ್ಮದೇ ಮುಂದಿನ ಗಾಜಿನ ಮೇಲೆ ಕೂರುತ್ತದೆ, ಇಲ್ಲವೇ ಹಾರಿ ಹಿಂದಿನವರಿಗೆ ಬಡಿಯುತ್ತದೆ. ಗಾಜಿಗೆ ಬಿಸಿ ನೀರು ಸುರಿಯಲೇಬೇಡಿ, ಸೀಳು ಬಿಡುತ್ತದೆ. ವೈಪರ್ ಅಂಟಿಕೊಂಡಿದ್ದರೆ ಕೈಯಲ್ಲಿ ಬಿಡಿಸಿ, ಆಮೇಲೆ ಆನ್ ಮಾಡಿ. ಗಾಜು ತೊಳೆಯುವ ವಾಷರ್‌ಗೆ ಸೊನ್ನೆಗಿಂತ 20 ಡಿಗ್ರಿ ಫ್ಯಾರನ್‌ಹೀಟ್ ಕೆಳಗೂ ಹೆಪ್ಪುಗಟ್ಟದ ದ್ರವ ತುಂಬಿಸಿ.

ಫೋರ್ ವೀಲ್ ಡ್ರೈವ್ ಇದೆ ಅಂತ ಧೈರ್ಯ ಮಾಡುವವರಿಗೆ ಒಂದು ಮಾತು: ಅದು ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕಲ್ಲ. ನಿಲ್ಲಿಸುವುದು ಟೈರು. ಮಿನಿಯಾಪೊಲಿಸ್, ಮಿಲ್ವಾಕಿ ಕಡೆ ಇರುವವರು ವಿಂಟರ್ ಟೈರ್ ಹಾಕಿಸಿ, ದುಡ್ಡು ದಂಡವಲ್ಲ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಹಾಗಾಗಿ ಮೊದಲ ಚಳಿಗೇ ಡ್ಯಾಶ್ ಮೇಲೆ ದೀಪ ಹತ್ತುತ್ತದೆ. ಸೇತುವೆ ಕೆಳಗಿನಿಂದಲೂ ತಣ್ಣಗಾಗುವುದರಿಂದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಅದರ ಮೇಲೆ ಬ್ರೇಕ್ ಒತ್ತದೆ, ಲೇನ್ ಬದಲಿಸದೆ ಸುಮ್ನೆ ನೇರ ಹೋಗಿ. ಕಾರು ಜಾರಿದರೆ ಆಕ್ಸಿಲರೇಟರ್ ಬಿಡಿ, ಹೋಗಬೇಕಾದ ದಿಕ್ಕಿಗೆ ನೋಡಿ ಅತ್ತ ಸ್ಟೀರಿಂಗ್ ತಿರುಗಿಸಿ. ಸ್ನೋ ಸರಿಸುವ ಪ್ಲೌ ಗಾಡಿಯನ್ನು ಹಿಂದೆ ಹಾಕಲು ಹೋಗಬೇಡಿ, ಅದರ ಹಿಂದಿನ ರಸ್ತೆಯೇ ಊರಲ್ಲಿ ಒಳ್ಳೆಯ ರಸ್ತೆ. ಕ್ಲೀವ್‌ಲ್ಯಾಂಡ್‌ನಲ್ಲಿ ಮನೆ ನೋಡುವವರು ತಿಳಿದಿರಿ: ಈರಿ ಸರೋವರದ ದೆಸೆಯಿಂದ ಪೂರ್ವದ ಕಡೆ ಸ್ನೋ ಪಶ್ಚಿಮಕ್ಕಿಂತ ಬಹಳ ಜಾಸ್ತಿ. ರಸ್ತೆಗೆ ಹಾಕುವ ಉಪ್ಪು ಕಾರಿನ ತಳ ತಿನ್ನುತ್ತದೆ, ಚಳಿಗಾಲದಲ್ಲೂ ತಳಭಾಗ ತೊಳೆಸುತ್ತಿರಿ. ವಸಂತ ಬಂದಾಗ ಗುಂಡಿ. ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ, ವೇಗ ಇಳಿಸಿ ದಾಟಿ, ಮನೆಗೆ ಬಂದು ನಗರದ ದೂರಿನ ನಂಬರ್ 311ಕ್ಕೆ ತಿಳಿಸಿ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಊರಂಚಿನಲ್ಲಿ ಜಿಂಕೆ ಅಡ್ಡ ಬಂದರೆ ಬ್ರೇಕ್ ಒತ್ತಿ, ಪಕ್ಕಕ್ಕೆ ಎಳೆಯಬೇಡಿ.

ಇಷ್ಟೆಲ್ಲಾ ಕಾರಿನ ಮಾತು ಆಡಿದ ಮೇಲೆ, ಎರಡನೇ ಕಾರು ಕೊಳ್ಳುವ ಮುಂಚೆ ಒಂದು ವಾರ ಬಸ್ಸು, ರೈಲಿನಲ್ಲಿ ಓಡಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಶಿಕಾಗೋದ ಎಲ್ ರೈಲಿನ ಹತ್ತಿರ ಮನೆ ಸಿಕ್ಕರೆ ಕಾರೇ ಬೇಡ. ಮಿನಿಯಾಪೊಲಿಸ್‌ನ ಬ್ಲೂ, ಗ್ರೀನ್ ಲೈನ್, ಸೇಂಟ್ ಲೂಯಿಸ್‌ನ ಮೆಟ್ರೋಲಿಂಕ್, ಕಾನ್ಸಸ್ ಸಿಟಿಯ ಟಿಕೆಟ್ ಇಲ್ಲದ ಸ್ಟ್ರೀಟ್‌ಕಾರ್ ಇವೆ. ಕೊಲಂಬಸ್‌ನಲ್ಲಿ ರೈಲೇ ಇಲ್ಲ, ಆದರೆ 2024ರ ನವೆಂಬರ್‌ನಲ್ಲಿ ಅಲ್ಲಿನ ಜನ ವೇಗದ ಬಸ್ಸು, ಫುಟ್‌ಪಾತ್‌ಗಳಿಗಾಗಿ ಡಾಲರಿಗೆ ಅರ್ಧ ಸೆಂಟ್ ಹೆಚ್ಚು ಮಾರಾಟ ತೆರಿಗೆ ಕೊಡಲು ಮತ ಹಾಕಿ ಒಪ್ಪಿದರು.

ರಸ್ತೆ ಅಗಲ ಮಾಡಿದರೆ ಅಭಿವೃದ್ಧಿ ಅನ್ನುವವರು ಸೇಂಟ್ ಪಾಲ್‌ನ ರಾಂಡೋ, ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್ ಕತೆ ಓದಬೇಕು. ಕಪ್ಪು ಜನರ ಮನೆ, ಅಂಗಡಿ, ಚರ್ಚ್ ಇದ್ದ ತುಂಬಿದ ಕೇರಿಗಳವು. ಫ್ರೀವೇ ಅವುಗಳ ಮೇಲೆಯೇ ಹಾದುಹೋಯಿತು. ತಿದ್ದಿಕೊಳ್ಳಲು ಆಗುತ್ತದೆ ಅನ್ನುವುದಕ್ಕೆ ಮಿಲ್ವಾಕಿ ಸಾಕ್ಷಿ: 2002ರಲ್ಲಿ ಪಾರ್ಕ್ ಈಸ್ಟ್ ಫ್ರೀವೇ ಕೆಡವಲು ಶುರು ಮಾಡಿದರು, ಆ ನೆಲ ಮತ್ತೆ ಊರಿಗೆ ಸಿಕ್ಕಿತು. ಶಿಕಾಗೋ ಮಾತ್ರ 2008ರಲ್ಲಿ ತನ್ನ ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ 115 ಕೋಟಿ ಡಾಲರ್‌ಗೆ ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಈಗ ಬಸ್ ಲೇನಿಗೆ ಅಂತ ಮೀಟರ್ ಜಾಗ ತೆಗೆದರೆ ನಗರವೇ ಪರಿಹಾರ ಕಟ್ಟಬೇಕು. ಮಿನಿಯಾಪೊಲಿಸ್ 2018ರಲ್ಲಿ ಒಂದು ಜಾಗಕ್ಕೆ ಒಂದೇ ಮನೆ ಅನ್ನುವ ನಿಯಮ ಬಿಡಲು ತೀರ್ಮಾನಿಸಿತು, 2021ರಲ್ಲಿ ಹೊಸ ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವುದನ್ನೂ ತೆಗೆಯಿತು. ನನಗೆ ಸರಿ ಕಾಣುವ ದಾರಿ ಅದೇ.

ಹಾಗಾಗಿ ನಿಮ್ಮ ಬೀದಿಯಲ್ಲಿ ಆರು ಮನೆಗಳ ಕಟ್ಟಡ ಬರುತ್ತದೆ ಅಂತ ನೋಟಿಸ್ ಬಂದಾಗ ಪಾರ್ಕಿಂಗ್ ಹೋಗುತ್ತದೆ ಅಂತ ಮೊದಲೇ ಬೇಡ ಅನ್ನಬೇಡಿ. ನೋಟಿಸ್‌ನಲ್ಲಿ ಸಭೆಯ ದಿನ, ಸಮಯ ಇರುತ್ತದೆ, ಹೋಗಿ. ಮತ ಹಾಕಲು ಪೌರತ್ವ ಬೇಕು, ಅಲ್ಲಿ ಎದ್ದು ಮಾತಾಡಲು ಬೇಕಿಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ಪೀಠಿಕೆ ಬೇಡ. ಮೊದಲ ವಾಕ್ಯದಲ್ಲೇ ನಿಮ್ಮ ಬೀದಿ ಯಾವುದು, ಯಾವ ಕ್ರಾಸ್‌ನಲ್ಲಿ ದಾಟಲು ಆಗುತ್ತಿಲ್ಲ, ಫುಟ್‌ಪಾತ್ ಎಲ್ಲಿ ನಿಂತುಹೋಗಿದೆ, ಅಲ್ಲಿ ಏನು ಮಾಡಬೇಕು ಅಂತ ಹೇಳಿ, ಫೋಟೋ ಒಂದರ ಹಿಂದೆ ಅದನ್ನೇ ಬರೆದು ಕ್ಲರ್ಕ್ ಕೈಗೆ ಕೊಟ್ಟು ಬನ್ನಿ.