ನಮ್ಮ ಹಾಳೆಯಲ್ಲಿ ‘ಕ್ರಮ ವಹಿಸಲಾಗುವುದು’ ಇಲ್ಲ

ಶಾಸಕರೊಬ್ಬರ ಕ್ಷೇತ್ರದ ಕಚೇರಿಯಲ್ಲಿ ನಾನು ಆಪ್ತ ಸಹಾಯಕ. ಇಲ್ಲಿ ಮಾಡುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತಿಂಗಳಿಗೊಮ್ಮೆ ಹೊರಡುವ ಎರಡು ಪುಟದ ಹಾಳೆ. ಯಾವ ಕಾಮಗಾರಿ ಎಲ್ಲಿಗೆ ಬಂತು, ಯಾವ ಊರಿನ ಅರ್ಜಿ ಯಾರ ಮೇಜಿನ ಮೇಲಿದೆ ಎಂಬುದು ಅದರಲ್ಲಿರುತ್ತದೆ.

ಶುರುವಿನಲ್ಲಿ ಅದು ಹೀಗಿರಲಿಲ್ಲ. ಗುದ್ದಲಿ ಪೂಜೆ, ಸನ್ಮಾನ, ಉದ್ಘಾಟನೆಯ ಚಿತ್ರಗಳೇ ಪುಟ ತುಂಬುತ್ತಿದ್ದವು. ಮೂರನೆಯ ಸಂಚಿಕೆಯಲ್ಲಿ ಒಂದು ಊರಿನ ಹಳ್ಳದ ಮೋರಿಯ ಬಗ್ಗೆ, ‘ಕಾಮಗಾರಿಯನ್ನು ಶೀಘ್ರದಲ್ಲೇ ಆರಂಭಿಸಲಾಗುವುದು’ ಎಂದು ಬರೆದೆ. ಆಗ ಆಗಿದ್ದುದು ಇಷ್ಟೇ: ಶಾಸಕರ ಪತ್ರವೊಂದು ಎಂಜಿನಿಯರ್ ಕಚೇರಿಗೆ ಹೋಗಿತ್ತು. ನಾಲ್ಕು ತಿಂಗಳ ನಂತರ, ಮಳೆಗಾಲದ ನಡುವೆ, ಆ ಊರಿನ ರೈತರೊಬ್ಬರು ಬಂದರು. ಜೇಬಿನಿಂದ ಅದೇ ಹಾಳೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿತ್ತು. ಆ ಸಾಲಿನ ಕೆಳಗೆ ಬೆರಳಿಟ್ಟು, “ಶೀಘ್ರ ಅಂದರೆ ಎಷ್ಟು ದಿನ ಸ್ವಾಮಿ? ಆರಂಭಿಸುವವರು ಯಾರು?” ಎಂದು ಕೇಳಿದರು.

ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಗದರಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ಒಂದು ಸಾಲನ್ನು ನಂಬಿ ನಾಲ್ಕು ತಿಂಗಳು ಜೇಬಿನಲ್ಲಿಟ್ಟುಕೊಂಡಿದ್ದರು. ಸಂಜೆ ಶಾಸಕರಿಗೆ ಹೇಳಿದೆ. “ಗೊತ್ತಿಲ್ಲದ್ದನ್ನು ಬರೆಯಬೇಡಿ. ಆಗದಿದ್ದರೆ ಆಗಿಲ್ಲ ಎಂದೇ ಬರೆಯಿರಿ, ನಾನು ಉತ್ತರ ಕೊಡುತ್ತೇನೆ” ಎಂದರು. ಮುಂದಿನ ಸಂಚಿಕೆಯ ಮೊದಲ ಸಾಲೇ ತಿದ್ದುಪಡಿಯಾಯಿತು.

ಅಂದಿನಿಂದ ‘ವಹಿಸಲಾಗುವುದು’, ‘ಪರಿಶೀಲಿಸಲಾಗುತ್ತಿದೆ’ ಎಂಬ ಕ್ರಿಯಾಪದಗಳಿಗೆ ನಮ್ಮ ಹಾಳೆಯಲ್ಲಿ ಜಾಗವಿಲ್ಲ. ಕಚೇರಿ ಕನ್ನಡದ ಈ ಕರ್ಮಣಿ ಪ್ರಯೋಗದಲ್ಲಿ ಕೆಲಸ ಇರುತ್ತದೆ, ಮಾಡುವವರು ಇರುವುದಿಲ್ಲ. ಯಾವ ಕಚೇರಿ, ಏನು ಮಾಡಿತು, ಯಾವ ತಾರೀಖು ಎಂಬ ಮೂರೂ ಇಲ್ಲದ ಸಾಲನ್ನು ನಾನು ಅಚ್ಚಿಗೆ ಕಳುಹಿಸುವುದಿಲ್ಲ.

ಬರೆಯುವುದಕ್ಕಿಂತ ಈ ಮೂರನ್ನು ಹುಡುಕುವುದೇ ದೊಡ್ಡ ಕೆಲಸ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಇಲಾಖೆಗಳು ಕೊಡುವ ವರದಿಯಲ್ಲಿ ಬಹುಪಾಲು ಕಾಮಗಾರಿಗಳ ಮುಂದೆ ‘ಪ್ರಗತಿಯಲ್ಲಿದೆ’ ಎಂದಿರುತ್ತದೆ. ಯಾವ ಪ್ರಗತಿ? ಅಂದಾಜು ಪಟ್ಟಿ ತಯಾರಾಗಿದೆಯೇ, ಆಡಳಿತಾತ್ಮಕ ಅನುಮೋದನೆ ಸಿಕ್ಕಿದೆಯೇ, ತಾಂತ್ರಿಕ ಮಂಜೂರಾತಿ ಆಗಿದೆಯೇ, ಟೆಂಡರ್ ಕರೆದಿದ್ದಾರೆಯೇ, ಕಾರ್ಯಾದೇಶ ಹೋಗಿದೆಯೇ? ಸಭೆಗೆ ಒಂದು ವಾರ ಮೊದಲೇ ಈ ಐದು ಪ್ರಶ್ನೆ ಹಿಡಿದು ಕಚೇರಿಗಳಿಗೆ ಹೋಗುತ್ತೇನೆ. ಫೋನಿನಲ್ಲಿ ಕೇಳಿದರೆ ‘ಆಗುತ್ತದೆ’ ಎನ್ನುತ್ತಾರೆ. ಎದುರು ಕುಳಿತರೆ ಕಡತ ತೆಗೆಯುತ್ತಾರೆ. ಕೆಳಹಂತದ ನೌಕರರ ಮೇಲೆ ನನಗೆ ದೂರಿಲ್ಲ. ಎಷ್ಟೋ ಸಲ ಕಡತ ನಿಂತಿರುವುದು ಎಲ್ಲಿ ಎಂದು ಕಾಳಜಿಯಿಂದ ತೋರಿಸಿಕೊಟ್ಟವರು ಅವರೇ.

ಹಣದ ಲೆಕ್ಕವನ್ನೂ ಬಿಡಿಸಿ ಹೇಳಬೇಕು. ‘ಶಾಸಕರ ನಿಧಿಯಲ್ಲಿ ರಸ್ತೆ ಮಾಡಿಸಿಕೊಡಿ’ ಎಂದು ದಿನವೂ ಜನ ಬರುತ್ತಾರೆ. ಕರ್ನಾಟಕದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಕೆಲಸವನ್ನು ಶಾಸಕರು ಸೂಚಿಸುತ್ತಾರೆ. ಹಣ ಬಿಡುಗಡೆಯಾಗುವುದು ಜಿಲ್ಲಾಧಿಕಾರಿಗಳ ಮೂಲಕ. 2023ರ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಲ್ಲಿ ಸುಮಾರು 5.3 ಕೋಟಿ ಮತದಾರರಿದ್ದರು. ಹಂಚಿ ನೋಡಿದರೆ ಒಬ್ಬ ಮತದಾರರ ಪಾಲಿಗೆ ವರ್ಷಕ್ಕೆ ನೂರು ರೂಪಾಯಿಯೂ ಬರುವುದಿಲ್ಲ. ಈ ಲೆಕ್ಕವನ್ನು ಅಚ್ಚು ಹಾಕಿದರೆ ಜನ ಬೇಸರಪಟ್ಟುಕೊಳ್ಳುತ್ತಾರೆಂದು ಕೆಲವರು ಹೆದರಿಸಿದ್ದರು. ಜನ ಬೇಸರಪಡಲಿಲ್ಲ. ಈ ಕೆಲಸಕ್ಕೆ ಹಾಗಾದರೆ ಯಾವ ಇಲಾಖೆಯ ಹಣ ಕೇಳಬೇಕು ಎಂದು ಕೇಳತೊಡಗಿದರು. ಅರ್ಜಿಯ ದಾರಿಯೇ ಬದಲಾಯಿತು.

ಸದನದ ಕೆಲಸವನ್ನೂ ಹಾಗೆಯೇ ಬರೆಯುತ್ತೇನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ನಮ್ಮ ಊರಿನ ಆಸ್ಪತ್ರೆಯ ಖಾಲಿ ಹುದ್ದೆಯ ಬಗ್ಗೆ ಬಂದ ಲಿಖಿತ ಉತ್ತರವನ್ನು ಇದ್ದ ಹಾಗೆಯೇ ಹಾಕಿದೆವು.

ಒಂದು ಮಂಗಳವಾರ ಬಂದ ಅಜ್ಜಿಯೊಬ್ಬರನ್ನು ನಾನು ಮರೆಯುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ಏಳು ತಿಂಗಳಿಂದ ಬಂದಿಲ್ಲ ಎಂದರು. ನಾಡಕಚೇರಿಯಲ್ಲಿ ಕೇಳಿದರೆ ಹಣ ಪ್ರತಿ ತಿಂಗಳೂ ಹೋಗುತ್ತಿದೆ ಎಂಬ ಉತ್ತರ. ಇಬ್ಬರ ಮಾತೂ ನಿಜ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕಾಗದಗಳನ್ನು ಒಂದೊಂದಾಗಿ ಹರಡಿದಾಗ ಎರಡು ಪಾಸ್‌ಬುಕ್‌ ಸಿಕ್ಕವು. ಸ್ವಸಹಾಯ ಸಂಘಕ್ಕೆ ಸೇರುವಾಗ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಆಧಾರ್ ಅದಕ್ಕೆ ಜೋಡಣೆಯಾಗಿತ್ತು. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಏಳು ತಿಂಗಳ ಹಣವೂ ಅಲ್ಲೇ ಇತ್ತು. “ನನ್ನ ಹೆಸರು ತೆಗೆದುಹಾಕಿದರೇನೋ ಅಂದುಕೊಂಡು ಅತ್ತಿದ್ದೆ ಕಣಪ್ಪಾ” ಎಂದು ಅಜ್ಜಿ ಕೈ ಹಿಡಿದುಕೊಂಡರು.

ಆ ತಿಂಗಳ ಹಾಳೆಯಲ್ಲಿ ಅಜ್ಜಿಯ ಹೆಸರು, ಚಿತ್ರ ಹಾಕಲಿಲ್ಲ. ಯಾರ ಕಷ್ಟವೂ ನಮ್ಮ ಪ್ರಚಾರವಾಗಬಾರದು. ‘ಪಿಂಚಣಿ ನಿಂತಿದ್ದರೆ ಮೊದಲು ನಿಮ್ಮ ಇನ್ನೊಂದು ಪಾಸ್‌ಬುಕ್‌ ನೋಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದೆವು. ಮರುವಾರದಿಂದಲೇ ಜನ ಎರಡೆರಡು ಪಾಸ್‌ಬುಕ್‌ ಹಿಡಿದು ಬಂದರು.

ಹಾಳೆಯನ್ನು ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸುವುದಕ್ಕಿಂತ ಹಾಲಿನ ಡೇರಿಯ ಗೋಡೆಗೆ ಅಂಟಿಸುವುದು ಮೇಲು. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ಯಾರಾದರೊಬ್ಬರು ಗಟ್ಟಿಯಾಗಿ ಓದುತ್ತಾರೆ, ಓದಲು ಬಾರದವರಿಗೂ ತಲುಪುತ್ತದೆ. ಮೊಬೈಲಿಗೂ ಕಳುಹಿಸುತ್ತೇವೆ. ಚುನಾವಣಾ ನೀತಿ ಸಂಹಿತೆ ಜಾರಿಯಾದ ದಿನವೇ ಹಾಳೆ ನಿಲ್ಲುತ್ತದೆ.

ಆ ಮೋರಿಯ ಸಾಲು ಅಂದಿನಿಂದ ಒಂದು ಸಂಚಿಕೆಯಲ್ಲೂ ತಪ್ಪಿಲ್ಲ. ಈ ತಿಂಗಳ ಹಾಳೆಯಲ್ಲಿ ಹೀಗಿದೆ: ‘ಕಾರ್ಯಾದೇಶವನ್ನು ಎಂಜಿನಿಯರ್ ಕಚೇರಿ 4ರಂದು ಕೊಟ್ಟಿದೆ. ಪೈಪುಗಳು 19ರಂದು ಹಳ್ಳದ ದಂಡೆಗೆ ಬಂದಿವೆ. ಕೆಲಸ ಶುರುವಾಗಿಲ್ಲ. ಗುತ್ತಿಗೆದಾರರಿಗೆ ಎಂಜಿನಿಯರ್ 27ರಂದು ನೋಟಿಸು ಕೊಟ್ಟಿದ್ದಾರೆ.’